ಬೇವಿನ ಬೀಜದ ಕಷಾಯ: ಬೀಜ ಆರಿಸುವುದರಿಂದ ಹೊಲಕ್ಕೆ ಹೊಡೆಯುವವರೆಗೆ

"ಕಷಾಯ ಹೊಡೆದು ಮರುದಿನ ನೋಡಿದ್ರೆ ಹುಳ ಹಾಗೇ ಓಡಾಡ್ತಿದೆ, ಏನ್ ಮಾಡ್ಲಿ?" "ಬೇವಿನ ಸೊಪ್ಪು ಕುದಿಸಿದರೆ ಸಾಕಾ, ಬೀಜವೇ ಬೇಕಾ?" "ಒಂದು ಕ್ಯಾನಿಗೆ ಎಷ್ಟು ಹಾಕಬೇಕು?" ಮುಂಗಾರು ಬಿತ್ತನೆ ಮುಗಿದು ಪೈರು ಮೊಳಕಾಲುದ್ದ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರಿಂದ ಈ ಮೂರು ಪ್ರಶ್ನೆ ತಪ್ಪದೆ ಬರುತ್ತವೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆದಿದ್ದೇನೆ. ಮಾತು ಹೆಚ್ಚಾಗಿ ಬೇವಿನ ಬೀಜದ ಬಗ್ಗೆಯೇ ಇರುತ್ತದೆ. ಬೇರೆ ಗಿಡಗಳ ವಿಷಯ ಕೊನೆಯ ಕಡೆ ಚುಟುಕಾಗಿ ಬರುತ್ತದೆ. ಯಾಕೆಂದರೆ ನಮ್ಮ ಬಯಲುಸೀಮೆಯಲ್ಲಿ ಬದುಬದುವಿಗೂ ಬೇವಿನ ಮರ ಇದೆ, ಅಳತೆ ಗೊತ್ತಿದೆ, ಕೃಷಿ ವಿಶ್ವವಿದ್ಯಾಲಯಗಳೂ ಶಿಫಾರಸು ಮಾಡುತ್ತವೆ.

ಮೊದಲು ಮರುದಿನ ಓಡಾಡುವ ಹುಳದ ವಿಷಯ

ಬೇವು ಹುಳವನ್ನು ಬಿದ್ದಲ್ಲೇ ಕೊಲ್ಲುವ ವಿಷ ಅಲ್ಲ. ಬೀಜದ ತಿರುಳಿನಲ್ಲಿ ಅಜಾಡಿರಾಕ್ಟಿನ್ ಎಂಬ ಕಹಿ ಅಂಶ ಇದೆ. ಅದು ಮೂರು ಕೆಲಸ ಮಾಡುತ್ತದೆ. ಎಲೆ ತಿನ್ನಲು ಹುಳಕ್ಕೆ ಮನಸ್ಸಾಗದ ಹಾಗೆ ಮಾಡುತ್ತದೆ. ಹೊಟ್ಟೆಗೆ ಹೋದರೆ ಪೊರೆ ಬಿಡುವುದನ್ನು ಕೆಡಿಸುತ್ತದೆ. ಹುಳ ಬೆಳೆಯಬೇಕಾದರೆ ಆಗಾಗ ಪೊರೆ ಬಿಡಲೇಬೇಕು, ಅದಕ್ಕೆ ಬೇಕಾದ ಹಾರ್ಮೋನಿನ ಲೆಕ್ಕವನ್ನೇ ಇದು ತಪ್ಪಿಸುತ್ತದೆ. ಮೂರನೆಯದು, ಪತಂಗಗಳು ಆ ಎಲೆಯ ಮೇಲೆ ಮೊಟ್ಟೆ ಇಡಲು ಹಿಂಜರಿಯುತ್ತವೆ.

ಹಾಗಾಗಿ ಹೊಡೆದ ಮರುದಿನ ಹುಳ ಜೀವಂತ ಇರುತ್ತದೆ, ಆದರೆ ಮಂಕಾಗಿರುತ್ತದೆ. ತಿನ್ನುವುದು ಕಡಿಮೆಯಾಗುತ್ತದೆ. ಸಾಯಲು ಕೆಲವು ದಿನ ಬೇಕು. ನೀವು ನೋಡಬೇಕಾದದ್ದು ಹುಳವನ್ನಲ್ಲ, ಹೊಸ ಎಲೆಯನ್ನು. ಹೊಡೆದ ನಾಲ್ಕೈದು ದಿನದ ನಂತರ ಬಂದ ಎಲೆಯಲ್ಲಿ ಹೊಸ ತೂತು ಇಲ್ಲ ಅಂದರೆ ಔಷಧಿ ಕೆಲಸ ಮಾಡಿದೆ.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. ಪೊರೆ ಬಿಡುವುದನ್ನು ತಡೆಯುವ ಔಷಧಿ ಮರಿಹುಳಕ್ಕೆ ಕೆಲಸ ಮಾಡುತ್ತದೆ. ಬೆರಳು ಗಾತ್ರ ಬೆಳೆದು ಮಣ್ಣಿಗಿಳಿದು ಕೋಶವಾಗಲು ಹೊರಟ ಹುಳಕ್ಕೆ ಏನು ಹೊಡೆದರೂ ತಡವಾಯಿತು. ಬೇವಿನ ಕಷಾಯ ಫೇಲಾಯಿತು ಅನ್ನುವವರಲ್ಲಿ ಹೆಚ್ಚಿನವರು ತಡವಾಗಿ ಹೊಡೆದವರೇ.

ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಎಲೆ ತಿನ್ನುವ ಮರಿಹುಳಗಳು, ಸಸ್ಯಹೇನು, ಜಿಗಿಹುಳ, ಬಿಳಿನೊಣ, ಥ್ರಿಪ್ಸ್, ಶೇಂಗಾ ಎಲೆ ಸುರುಳಿ ಪೂಚಿ, ಇವುಗಳ ಮೇಲೆ ಆರಂಭದಲ್ಲೇ ಹೊಡೆದರೆ ಗುಣ ಕಾಣುತ್ತದೆ. ಕಾಯಿಯೊಳಗೆ ಹೊಕ್ಕ ಕೊರಕ, ಕಾಂಡದೊಳಗೆ ಕೂತ ಹುಳ, ಮಣ್ಣಿನಲ್ಲಿರುವ ಗೊಣ್ಣೆಹುಳ, ಇವಕ್ಕೆ ಮೇಲಿಂದ ಹೊಡೆದ ಕಷಾಯ ತಾಗುವುದೇ ಇಲ್ಲ.

ರೋಗಕ್ಕೂ ಕೀಟಕ್ಕೂ ವ್ಯತ್ಯಾಸ ನೋಡಿ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರು "ದುಂಡಾಣು ಅಂಗಮಾರಿಗೆ ಬೇವು ಹೊಡೀಬಹುದಾ" ಅಂತ ಕೇಳುತ್ತಾರೆ. ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಬೇವಿನ ಕಷಾಯ ಅದನ್ನು ವಾಸಿ ಮಾಡುವುದಿಲ್ಲ. ಅದೇ ದಾಳಿಂಬೆಯಲ್ಲಿ ಹೂ ಬಿಡುವ ಹೊತ್ತಿಗೆ ಹಣ್ಣು ಕೊರಕದ ಚಿಟ್ಟೆ ಮೊಟ್ಟೆ ಇಡದಂತೆ ತಡೆಯಲು ಬೇವು ಉಪಯೋಗಕ್ಕೆ ಬರುತ್ತದೆ.

ಸೊಪ್ಪಾ, ಬೀಜವಾ?

ಬೀಜ. ಎಲೆಯಲ್ಲೂ ಕಹಿ ಇದೆ, ಆದರೆ ಅಜಾಡಿರಾಕ್ಟಿನ್ ಬಹಳ ಕಡಿಮೆ. ಅದು ಹೆಚ್ಚಾಗಿ ಸೇರಿರುವುದು ಬೀಜದೊಳಗಿನ ತಿರುಳಿನಲ್ಲಿ. ಮರದ ರೆಂಬೆ ಕಡಿದು ಮೂಟೆಗಟ್ಟಲೆ ಸೊಪ್ಪು ಕುದಿಸಿ, ಸೌದೆ ಸುಟ್ಟು, ಕೊನೆಗೆ ಹಸಿರು ನೀರು ಹೊಡೆದು ನಿರಾಶರಾಗುವುದು ಬೇಡ. ರೆಂಬೆ ಕಡಿದರೆ ಮುಂದಿನ ವರ್ಷದ ಹಣ್ಣೂ ಹೋಯಿತು, ಅಲ್ವಾ?

ಏನೇನು ಬೇಕು

ಬೇವಿನ ಬೀಜದ ತಿರುಳು, ಒರಳು ಅಥವಾ ಮಿಕ್ಸಿ, ಎರಡು ಪ್ಲಾಸ್ಟಿಕ್ ಬಕೆಟ್, ಹಳೆಯ ಹತ್ತಿ ಪಂಚೆ, 100 ಲೀಟರಿನ ಡ್ರಮ್ಮು, ಸೋಪು, ಕೋಲು, ಸ್ಪ್ರೇ ಕ್ಯಾನು. ತಕ್ಕಡಿ ಇರಲೇಬೇಕು. "ಒಂದು ಸೇರು, ಎರಡು ಬೊಗಸೆ" ಅಂತ ಕಣ್ಣಳತೆಯಲ್ಲಿ ಹಾಕಿದರೆ ಒಂದು ಸಲ ಸಪ್ಪೆಯಾಗುತ್ತದೆ, ಒಂದು ಸಲ ಎಲೆ ಸುಡುತ್ತದೆ.

ಅಳತೆ ಇದು: 100 ಲೀಟರ್ ಕಷಾಯಕ್ಕೆ 5 ಕೆಜಿ ತಿರುಳು. ಇದನ್ನೇ ಪುಸ್ತಕಗಳಲ್ಲಿ "ಶೇ. 5ರ ಬೇವಿನ ಬೀಜದ ಕಷಾಯ" ಅಂತ ಬರೆಯುತ್ತಾರೆ. ಸಿಪ್ಪೆ ತೆಗೆಯದ ಒಣಬೀಜವಾದರೆ ಸುಮಾರು ಎರಡು ಪಟ್ಟು, ಅಂದರೆ 10 ಕೆಜಿ ಬೇಕು. ಪೈರು ಚಿಕ್ಕದಿದ್ದಾಗ ಎಕರೆಗೆ 100 ಲೀಟರಿನ ಸುಮಾರು ಸಾಕಾಗಬಹುದು. ಬೆಳೆದು ಮುಚ್ಚಿಕೊಂಡ ಪೈರಿಗೆ 200 ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ ಒಂದು ಹಂಗಾಮಿನಲ್ಲಿ 200 ಲೀಟರಿನ ಹಾಗೆ ಮೂರು ಸಲ ಹೊಡೆಯುವ ಅಂದಾಜಿಟ್ಟರೆ 30 ಕೆಜಿ ತಿರುಳು, ಅಂದರೆ ಸುಮಾರು 60 ಕೆಜಿ ಒಣಬೀಜ. ಹುಳ ಬಿದ್ದ ದಿನ ಇಷ್ಟನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಆದ್ದರಿಂದ ಕಷಾಯದ ಕೆಲಸ ಶುರುವಾಗುವುದು ಮರದ ಬುಡದಲ್ಲಿ.

ಹಂತ 1: ಬೀಜ ಆರಿಸುವುದು

ಯುಗಾದಿಯ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ. ಜೂನ್, ಜುಲೈನಲ್ಲಿ ಹಣ್ಣು ಹಳದಿಯಾಗಿ ಉದುರುತ್ತದೆ. ಮೃಗಶಿರ, ಆರಿದ್ರಾ ಮಳೆಯ ಲೆಕ್ಕ ಇಡುವವರು ಆ ಹೊತ್ತಿಗೆ ಮರದ ಬುಡ ಗುಡಿಸಿ ಸ್ವಚ್ಛ ಮಾಡಿಟ್ಟರೆ ಒಳ್ಳೆಯದು. ಕಷ್ಟ ಏನೆಂದರೆ ಬಿತ್ತನೆಯ ಗಡಿಬಿಡಿಯೂ ಆಗಲೇ. ಆಳು ಸಿಗುವುದಿಲ್ಲ. ಮಕ್ಕಳು, ಹಿರಿಯರು ಬೆಳಗ್ಗೆ ಸ್ವಲ್ಪ ಹೊತ್ತು ಕೂತರೂ ಬುಟ್ಟಿ ತುಂಬುತ್ತದೆ.

ಹಳದಿ ಹಣ್ಣು ಆರಿಸಿ. ಹಸಿರು ಕಾಯಿ ಬಡಿದು ಬೀಳಿಸಬೇಡಿ, ತಿರುಳು ಬಲಿತಿರುವುದಿಲ್ಲ. ಹಕ್ಕಿ ತಿಂದು ಉಗುಳಿದ ಬೀಜವನ್ನೂ ಆರಿಸಬಹುದು, ಅದರ ತೊಳೆ ಆಗಲೇ ಹೋಗಿರುತ್ತದೆ. ಆದರೆ ಬಹಳ ದಿನ ಹಸಿ ಮಣ್ಣಿನಲ್ಲಿ ಬಿದ್ದು ಕಪ್ಪಾದದ್ದು ಬೇಡ.

ಹಂತ 2: ತೊಳೆದು ಒಣಗಿಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ, ಬೀಜ ಕೆಡುವುದೂ ಇಲ್ಲೇ. ಹಣ್ಣನ್ನು ಹಾಗೇ ಮೂಟೆ ಕಟ್ಟಿಟ್ಟರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ತಂದ ದಿನವೇ ಅಥವಾ ಮರುದಿನ ನೀರಿನಲ್ಲಿ ಹಾಕಿ ಕೈಯಿಂದ ಕಿವುಚಿ, ತೊಳೆ ಬಿಡಿಸಿ, ಎರಡು ಸಲ ತೊಳೆಯಿರಿ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳ್ಳಗೆ ಹರಡಿ. ದಿನಕ್ಕೆ ಎರಡು ಸಲ ಕೈಯಾಡಿಸಿ.

ಬಿರುಬಿಸಿಲಿಗೆ ದಿನಗಟ್ಟಲೆ ಹಾಕಬೇಡಿ. ಅಜಾಡಿರಾಕ್ಟಿನ್‌ಗೆ ಬಿಸಿಲು ಆಗುವುದಿಲ್ಲ. ಒಣಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ: ಬೀಜ ಅಲ್ಲಾಡಿಸಿದರೆ ಒಳಗೆ ಗಿಲಗಿಲ ಅನ್ನಬೇಕು, ತಿರುಳು ಹಿಚುಕಿದರೆ ಬಾಗದೆ ಮುರಿಯಬೇಕು.

ಹಂತ 3: ಕಾಪಿಡುವುದು

ಗೋಣಿಚೀಲ ಅಥವಾ ಬಿದಿರು ಬುಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲಿಡಿ. ಆರಿಸಿ ಮೂರು ತಿಂಗಳಾದ ಮೇಲೆ ಬಳಸುವುದು ಉತ್ತಮ ಅನ್ನುತ್ತಾರೆ. ಎಂಟು ಹತ್ತು ತಿಂಗಳು ದಾಟಿದರೆ ಶಕ್ತಿ ಇಳಿಯುತ್ತದೆ. ಹಾಗಾಗಿ ಈ ವರ್ಷ ಜುಲೈನಲ್ಲಿ ಆರಿಸಿದ್ದು ಹಿಂಗಾರಿಗೆ ಮತ್ತು ಬೇಸಿಗೆ ತರಕಾರಿಗೆ ಚೆನ್ನಾಗಿ ಒದಗುತ್ತದೆ. ಮುಂದಿನ ಮುಂಗಾರಿನ ಮೆಕ್ಕೆಜೋಳದ ಹೊತ್ತಿಗೆ ವರ್ಷ ತುಂಬುತ್ತಾ ಬಂದಿರುತ್ತದೆ. ಆಗ ತಿರುಳನ್ನು ಅರ್ಧ ಮಾಡಿ ನೋಡಿ. ಒಳಗೆ ತಿಳಿ ಹಸಿರು ಇದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಆ ಒಂದು ಹಂಗಾಮಿಗೆ ಅಂಗಡಿಯ ಬೇವಿನ ಔಷಧಿ ತನ್ನಿ. ಅದರ ವಿಷಯ ಕೆಳಗಿದೆ.

ಹಂತ 4: ಪುಡಿ ಮಾಡಿ ನೆನೆಹಾಕುವುದು

ಹೊಡೆಯುವ ಹಿಂದಿನ ಸಂಜೆ ಸಿಪ್ಪೆ ಒಡೆದು, ಕೇರಿ, ತಿರುಳು ಬೇರೆ ಮಾಡಿ. 5 ಕೆಜಿ ತೂಗಿ. ಒರಳಿನಲ್ಲಿ ರವೆಯ ಹದಕ್ಕೆ ಕುಟ್ಟಿ. ನುಣ್ಣಗೆ ಅರೆಯಲು ಹೋದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಮಿಕ್ಸಿ ಬಿಸಿಯಾಗುತ್ತದೆ, ಆಮೇಲೆ ಸೋಸುವಾಗ ಬಟ್ಟೆಯೂ ಕಟ್ಟಿಕೊಳ್ಳುತ್ತದೆ. ಮನೆಯ ಅಡುಗೆ ಮಿಕ್ಸಿಯ ಜಾರು ಇದಕ್ಕೆ ಬಳಸಬೇಡಿ. ಕಹಿ ಹೋಗುವುದಿಲ್ಲ, ಮನೆಯವರ ಬಾಯಿಗೆ ಸಿಗುತ್ತೀರಿ.

ಈ ಪುಡಿಯನ್ನು 10 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲಾ ನೆನೆಹಾಕಿ. ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮುಳುಗಿಸಿಟ್ಟರೆ ಬೆಳಗ್ಗೆ ಹಿಂಡುವುದು ಸುಲಭ. ಕುದಿಸಬೇಡಿ. ಕಷಾಯ ಅಂದ ಕೂಡಲೇ ಒಲೆ ಹಚ್ಚುವ ಅಭ್ಯಾಸ ನಮಗೆ. ಇಲ್ಲಿ ತಣ್ಣೀರು ಸಾಕು, ಬಿಸಿ ಮಾಡಿದರೆ ನಷ್ಟವೇ.

ಹಂತ 5: ಸೋಸುವುದು

ಮರುದಿನ ಗಂಟನ್ನು ಚೆನ್ನಾಗಿ ಹಿಂಡಿ. ಹಾಲಿನ ಬಣ್ಣದ ನೀರು ಬರುತ್ತದೆ. ಉಳಿದ ಚರಟಕ್ಕೆ ಮತ್ತೆ ಸ್ವಲ್ಪ ನೀರು ಹಾಕಿ ಹಿಂಡಿ, ಹೀಗೆ ಎರಡು ಮೂರು ಸಲ, ಬಿಳಿ ಬರುವುದು ನಿಲ್ಲುವವರೆಗೆ. ಎಲ್ಲವನ್ನೂ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸಿ. ಒಂದೇ ಮಡಿಕೆಯಲ್ಲಿ ಸೋಸಿದರೆ ಹೊಲದ ನಡುವೆ ನಾಜಲ್ ಕಟ್ಟಿಕೊಂಡು, ಅದನ್ನು ಬಾಯಿಂದ ಊದುವ ಕೆಟ್ಟ ಅಭ್ಯಾಸಕ್ಕೆ ಕೈ ಹೋಗುತ್ತದೆ. ಊದಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಜೇಬಿನಲ್ಲಿಟ್ಟುಕೊಳ್ಳಿ.

ಚರಟ ಎಸೆಯಬೇಡಿ. ಗಿಡದ ಬುಡಕ್ಕೆ ಹಾಕಬಹುದು.

ಹಂತ 6: ನೀರು ಮತ್ತು ಸೋಪು

ಚಿತ್ರದುರ್ಗದ ಓದುಗರು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆಯ ಬಹಳಷ್ಟು ಬೋರ್‌ವೆಲ್ ನೀರು ಗಡಸು, ಅಂದರೆ ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಸೋಪು ಹಾಕಿದರೆ ನೊರೆ ಬರುವುದಿಲ್ಲ, ಮೊಸರು ಒಡೆದ ಹಾಗೆ ಗಸಿ ನಿಲ್ಲುತ್ತದೆ. ಅಂಥ ನೀರಿನಲ್ಲಿ ಕಷಾಯ ಎಲೆಗೆ ಹಿಡಿಯುವುದಿಲ್ಲ. ನೀರು ಕ್ಷಾರವಾಗಿದ್ದರೆ ಅಜಾಡಿರಾಕ್ಟಿನ್ ಬೇಗ ಒಡೆದೂ ಹೋಗುತ್ತದೆ. ಕೆರೆ ನೀರು, ಕೃಷಿ ಹೊಂಡದ ನೀರು, ಮಳೆ ನೀರು ಸಿಕ್ಕರೆ ಅದನ್ನೇ ಬಳಸಿ. ಭದ್ರಾ ಕಾಲುವೆಯ ಅಚ್ಚುಕಟ್ಟಿನವರಿಗೆ ಈ ತಲೆನೋವು ಕಡಿಮೆ.

ಪರೀಕ್ಷೆ ಸುಲಭ. ಒಂದು ಬಾಟಲಿ ನೀರಿಗೆ ಚೂರು ಸೋಪು ಹಾಕಿ ಕುಲುಕಿ. ನೊರೆ ನಿಂತರೆ ಆ ನೀರು ಆದೀತು.

ಸೋಪು ಯಾಕೆ ಬೇಕು? ಕಷಾಯದಲ್ಲಿ ಎಣ್ಣೆಯ ಅಂಶ ಇದೆ, ಅದು ನೀರಿನ ಜೊತೆ ಬೆರೆಯಬೇಕು. ಎಲೆಯ ಮೇಲೆ ಹನಿಯಾಗಿ ಉರುಳದೆ ಹರಡಿಕೊಳ್ಳಬೇಕು. ಈರುಳ್ಳಿ ಎಲೆಯ ಮೇಲೆ ಮೇಣದ ಪದರ ಇರುವುದರಿಂದ ಅಲ್ಲಿ ಸೋಪಿಲ್ಲದೆ ಹೊಡೆದದ್ದೆಲ್ಲ ನೆಲಕ್ಕೇ. 100 ಲೀಟರಿಗೆ 100ರಿಂದ 200 ಗ್ರಾಂ ಸಾಕು. ಖಾದಿ ಸೋಪಿನಂಥ ಮೃದು ಸೋಪು ಒಳ್ಳೆಯದು. ಬಟ್ಟೆ ಒಗೆಯುವ ಖಾರದ ಪುಡಿಯನ್ನು ಕೈತುಂಬ ಸುರಿದರೆ ಎಲೆ ಸುಡುತ್ತದೆ. ಅಂಟುವಾಳ ಕಾಯಿ ನೆನೆಸಿದ ನೊರೆನೀರೂ ಇದೇ ಕೆಲಸ ಮಾಡುತ್ತದೆ.

ಸೋಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಸೋಸಿದ ಕಷಾಯಕ್ಕೆ ಸೇರಿಸಿ, ಆಮೇಲೆ ಒಟ್ಟು 100 ಲೀಟರಾಗುವಷ್ಟು ನೀರು ಹಾಕಿ ಕೋಲಿನಿಂದ ಕಲಕಿ. ಡ್ರಮ್ಮು ಇಲ್ಲದವರಿಗೆ ಕ್ಯಾನಿನ ಲೆಕ್ಕ: 16 ಲೀಟರಿನ ಒಂದು ಕ್ಯಾನಿಗೆ 800 ಗ್ರಾಂ ತಿರುಳು, 15ರಿಂದ 30 ಗ್ರಾಂ ಸೋಪು.

ಹಂತ 7: ನಾಲ್ಕು ಗಿಡಕ್ಕೆ ಹೊಡೆದು ನೋಡುವುದು

ಹೊಸ ಬೆಳೆ, ಹೊಸ ಸೋಪು, ಹೊಸ ನೀರು ಆದಾಗಲೆಲ್ಲ ಮೊದಲು ಒಂದು ಮೂಲೆಯ ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಎಲೆಯಂಚು ಸುಟ್ಟಿದ್ದರೆ ಸೋಪು ಕಡಿಮೆ ಮಾಡಿ. ಹಾಗೆ ಕಾದು ನೋಡಲು ಕೂಡ ಸಮಯ ಬೇಕು, ಅದಕ್ಕೇ ಹುಳ ತುಂಬಿದ ಮೇಲೆ ಶುರು ಮಾಡಬೇಡಿ ಅನ್ನುವುದು. ಒಂದು ಗಮನ ಇರಲಿ: ನೋಡಲು ಮಾಡಿದ ಕಷಾಯ ಆ ದಿನಕ್ಕೇ ಮುಗಿಯಿತು. ಹೊಲಕ್ಕೆ ಹೊಡೆಯುವಾಗ ಮತ್ತೆ ಹೊಸದಾಗಿ ಮಾಡಿಕೊಳ್ಳಬೇಕು.

ಹಂತ 8: ಹೊಡೆಯುವುದು

ಸಂಜೆ ನಾಲ್ಕರ ಮೇಲೆ. ಬಿಸಿಲಿಗೆ ಅಜಾಡಿರಾಕ್ಟಿನ್ ಕೆಲವೇ ದಿನದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಸಂಜೆ ಹೊಡೆದರೆ ಕನಿಷ್ಠ ಒಂದು ರಾತ್ರಿಯಾದರೂ ಪೂರ್ತಿ ಶಕ್ತಿಯಲ್ಲಿ ಇರುತ್ತದೆ, ಹಲವು ಹುಳಗಳು ಮೇಯುವುದೂ ರಾತ್ರಿಯೇ. ಜೇನುಹುಳಗಳ ಓಡಾಟವೂ ಸಂಜೆಯಾಗುತ್ತಾ ಕಡಿಮೆಯಾಗುತ್ತದೆ.

ಎಲೆಯ ಕೆಳಭಾಗ ನೆನೆಯಬೇಕು. ಹೇನು, ಬಿಳಿನೊಣ, ಮೊಟ್ಟೆ ಎಲ್ಲ ಕೂತಿರುವುದು ಅಲ್ಲೇ. ನಾಜಲನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹಿಡಿಯಿರಿ. ಮಾಡಿದ ಕಷಾಯ ಅದೇ ದಿನ ಮುಗಿಯಬೇಕು. ಮಿಕ್ಕಿದ್ದನ್ನು ನಾಳೆಗೆ ಇಟ್ಟರೆ ನೀರೇ.

ಮೋಡ ಕವಿದಿದ್ದರೆ ತಡೆಯಿರಿ. ಹೊಡೆದ ಕೆಲವೇ ಗಂಟೆಯಲ್ಲಿ ಜೋರು ಮಳೆ ಬಂದರೆ ಮತ್ತೆ ಹೊಡೆಯಬೇಕಾಗುತ್ತದೆ. ಇಲ್ಲದಿದ್ದರೆ 7ರಿಂದ 10 ದಿನಕ್ಕೆ ಇನ್ನೊಂದು ಸಲ. ಒಂದೇ ಸಲ ಹೊಡೆದು "ನೋಡೋಣ" ಅಂತ ಬಿಡುವವರಿಗೆ ಈ ಔಷಧಿ ಅಲ್ಲ.

ಸಸ್ಯದಿಂದ ಬಂದದ್ದು ಅಂತ ಬರೀ ಮೈಯಲ್ಲಿ ಹೊಡೆಯಬೇಡಿ. ಮೂಗಿಗೆ ಬಟ್ಟೆ, ತುಂಬುತೋಳಿನ ಅಂಗಿ ಇರಲಿ. ಗರ್ಭಿಣಿಯರು ಈ ಕೆಲಸದಿಂದ ದೂರ ಇರಲಿ. ಬೇವಿನ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋಗಿ ಅಪಾಯವಾದ ಪ್ರಕರಣಗಳಿವೆ, ಬಾಟಲಿಯನ್ನು ಅಡುಗೆ ಎಣ್ಣೆಯ ಪಕ್ಕ ಇಡಬೇಡಿ. ಕ್ಯಾನು ತೊಳೆದ ನೀರನ್ನು ಕೆರೆಗೆ, ಹೊಂಡಕ್ಕೆ ಚೆಲ್ಲಬೇಡಿ, ಮೀನಿಗೆ ಆಗುವುದಿಲ್ಲ. ತರಕಾರಿಗೆ ಹೊಡೆದರೆ ಎರಡು ಮೂರು ದಿನ ಬಿಟ್ಟು ಕೊಯ್ದು, ತೊಳೆದು ಮಾರಿ. ಕಹಿ ಬದನೆಕಾಯಿ ಕೊಂಡವರು ಮುಂದಿನ ವಾರ ನಿಮ್ಮ ಹತ್ತಿರ ಬರುವುದಿಲ್ಲ.

ಮೆಕ್ಕೆಜೋಳದ ಸೈನಿಕ ಹುಳ

ಕೇಳುವವರಲ್ಲಿ ಅರ್ಧದಷ್ಟು ಜನ ಮೆಕ್ಕೆಜೋಳದವರು. ದಾವಣಗೆರೆ, ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆ ಎಲ್ಲಿ ನೋಡಿದರೂ ಅದೇ ಬೆಳೆ. ಅಮೆರಿಕದ ಕಡೆಯಿಂದ ಬಂದ ಫಾಲ್ ಸೈನಿಕ ಹುಳ ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲೇ. ಆಮೇಲೆ ದೇಶವೆಲ್ಲ ಹಬ್ಬಿತು.

ಗುರುತು: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ. ಆದರೆ ಈ ಗುರುತು ಕಾಣುವಷ್ಟು ಹುಳ ಬೆಳೆದರೆ ನೀವು ಆಗಲೇ ಹಿಂದೆ ಬಿದ್ದಿದ್ದೀರಿ. ಮೊದಲ ಲಕ್ಷಣ ಎಲೆಯ ಮೇಲೆ ಕಾಣುವ ಬಿಳಿ, ಪಾರದರ್ಶಕ ತೇಪೆಗಳು. ಮರಿಗಳು ಹಸಿರನ್ನು ಕೆರೆದು ತಿಂದು ತೆಳು ಪೊರೆ ಉಳಿಸಿರುತ್ತವೆ. ಎಲೆಯ ಮೇಲೆ ಕೂದಲು ಮುಚ್ಚಿದ ಮೊಟ್ಟೆಯ ಗುಂಪೂ ಸಿಗಬಹುದು. ಅದನ್ನು ಕೈಯಲ್ಲೇ ಹಿಸುಕಿ ಹಾಕಿ. ಅದಕ್ಕಿಂತ ಅಗ್ಗದ ಔಷಧಿ ಇಲ್ಲ.

ಮೊಳಕೆ ಬಂದಾಗಿನಿಂದ ವಾರಕ್ಕೆ ಎರಡು ಸಲ ಹೊಲದ ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡ ನೋಡಿ. ಒಟ್ಟು 100 ಗಿಡ. ಇದರಲ್ಲಿ ನಾಲ್ಕೈದು ಗಿಡದಲ್ಲಿ ತೇಪೆ ಕಂಡರೆ ಅದೇ ಹೊತ್ತು. ಆಗ ಶೇ. 5ರ ಕಷಾಯ ಹೊಡೆಯಿರಿ. ನಾಜಲ್ ನೇರ ಸುಳಿಯೊಳಗೆ ಬೀಳುವಂತೆ ಹಿಡಿಯಿರಿ, ಹುಳ ಇಳಿದು ಕೂರುವುದು ಅಲ್ಲೇ. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿಕೊಂಡಿದ್ದರೆ ಒಳಗೆ ದೊಡ್ಡ ಹುಳ ಇದೆ. ಕಷಾಯ ಆ ಹಿಕ್ಕೆಯನ್ನು ದಾಟಿ ಹೋಗುವುದಿಲ್ಲ. ಆಗ ಬೇವಿನ ಮೇಲೆ ಹಠ ಹಿಡಿಯದೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬೇರೆ ಔಷಧಿ ಕೇಳಿ. ಸಾವಯವ ಅನ್ನುವ ಹೆಮ್ಮೆಗೆ ಬೆಳೆ ಕಳೆದುಕೊಳ್ಳಿ ಅಂತ ನಾನು ಹೇಳಲಾರೆ.

ಶೇಂಗಾ, ಈರುಳ್ಳಿ, ಮೆಣಸಿನಕಾಯಿ

ಚಳ್ಳಕೆರೆ ಕಡೆಯ ಶೇಂಗಾದಲ್ಲಿ ಮಳೆ ಕೈಕೊಟ್ಟು ಒಣಹವೆ ಬಂದಾಗ ಸುರುಳಿ ಪೂಚಿ ಏಳುತ್ತದೆ. ಎಲೆ ಮಡಚಿ ಒಳಗೆ ಕೂರುವ ಮೊದಲು, ಎಲೆಯ ಮೇಲೆ ಸಣ್ಣ ಕಂದು ಗುಳ್ಳೆ ಕಂಡಾಗಲೇ ಹೊಡೆಯಬೇಕು. ಕೆಂಪು ಕಂಬಳಿ ಹುಳ ಮೈತುಂಬ ಕೂದಲು ಬಂದು ಹೊಲದಿಂದ ಹೊಲಕ್ಕೆ ದಂಡೆತ್ತಿ ಹೊರಟರೆ ಬೇವಿನಿಂದ ನಿಲ್ಲುವುದಿಲ್ಲ.

ಈರುಳ್ಳಿಯ ಥ್ರಿಪ್ಸ್ ಎಲೆಯ ಸಂದಿಯಲ್ಲಿ, ನಡುಗಂಟಿನ ಹತ್ತಿರ ಅಡಗಿರುತ್ತದೆ. ಎಲೆ ಬಿಡಿಸಿ ನೋಡಿದರೆ ಮಾತ್ರ ಕಾಣುವ ಹಳದಿ ಚುಕ್ಕಿಯಂಥ ಹುಳ. ಕಷಾಯ ಆ ಸಂದಿಗೆ ಇಳಿಯಬೇಕು, ಸೋಪು ಸರಿಯಾಗಿರಬೇಕು.

ಮೆಣಸಿನಕಾಯಿಯ ಮುಟುರಿನಲ್ಲಿ ಎಲೆ ಯಾವ ಕಡೆ ಮುದುಡಿದೆ ನೋಡಿ. ಮೇಲಕ್ಕೆ ದೋಣಿಯಾಕಾರದಲ್ಲಿ ಮುದುಡಿದ್ದರೆ ಥ್ರಿಪ್ಸ್, ಬೇವು ಆಗುತ್ತದೆ. ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ. ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಹೊಡೆಯುವುದು ವಾಡಿಕೆ. ಎರಡೂ ಇದ್ದರೆ? ಗಂಧಕ ಮತ್ತು ಬೇವಿನ ಎಣ್ಣೆ ಬೆರೆಸಿ ಮಾತ್ರ ಹೊಡೆಯಬೇಡಿ, ಎಲೆ ಸುಟ್ಟುಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಜೊತೆಗೂ ಬೇವು ಬೆರೆಸಬೇಡಿ, ಅದರಲ್ಲಿರುವ ಸುಣ್ಣ ಅಜಾಡಿರಾಕ್ಟಿನ್ ಅನ್ನು ಕೆಡಿಸುತ್ತದೆ. ಚನ್ನಗಿರಿ ಕಡೆಯ ಅಡಿಕೆ ತೋಟದವರು ಬೋರ್ಡೋ ಹೊಡೆದ ಡ್ರಮ್ಮಿನಲ್ಲೇ ಕಷಾಯ ಕಲಸುವುದಾದರೆ ಚೆನ್ನಾಗಿ ತೊಳೆದುಕೊಳ್ಳಿ.

ಹಿಪ್ಪುನೇರಳೆ ಪಕ್ಕದಲ್ಲಿದ್ದರೆ

ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ. ಸುತ್ತಮುತ್ತ ಹಿಪ್ಪುನೇರಳೆ ತೋಟಗಳೂ ಇವೆ. ರೇಷ್ಮೆ ಹುಳವೂ ಎಲೆ ತಿನ್ನುವ, ಪೊರೆ ಬಿಡುವ ಹುಳವೇ. ಬೇವು ಅದಕ್ಕೂ ಅಷ್ಟೇ ಕೆಟ್ಟದ್ದು. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ ಗಾಳಿ ಆ ಕಡೆ ಬೀಸುವಾಗ ಹೊಡೆಯಬೇಡಿ, ಮುಂಚೆಯೇ ಹೋಗಿ "ಇವತ್ತು ಹೊಡೀತಿದ್ದೀವಿ" ಅಂತ ಹೇಳಿ. ಹುಳ ನಾಲ್ಕನೆಯ ಜ್ವರ (ಪೊರೆ ಬಿಡುವ ಹಂತ) ದಾಟಿ ದೊಡ್ಡ ಮೇವಿಗೆ ಬಂದಿರುವಾಗ ಎಲೆಗೆ ಬೇವಿನ ಹನಿ ಬಿದ್ದರೆ ಆ ಮನೆಯ ತಿಂಗಳ ದುಡಿಮೆ ಹೋಯಿತು. ನಿಮ್ಮದೇ ಹಿಪ್ಪುನೇರಳೆಗೆ ಕೀಟ ಬಿದ್ದಿದ್ದರೆ ರೇಷ್ಮೆ ಇಲಾಖೆಯವರನ್ನು ಕೇಳದೆ ಏನೂ ಹೊಡೆಯಬೇಡಿ.

ಅಂಗಡಿಯ ಬೇವಿನ ಔಷಧಿ

ಬಾಟಲಿಯ ಮೇಲೆ 300, 1500, 3000, 10000 ಪಿಪಿಎಂ ಅಂತ ಬರೆದಿರುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅಜಾಡಿರಾಕ್ಟಿನ್ ಇದೆ ಅನ್ನುವ ಲೆಕ್ಕ. 10000 ಅಂದರೆ ನೂರಕ್ಕೆ ಒಂದು ಭಾಗ, 1500 ಅಂದರೆ ನೂರಕ್ಕೆ 0.15 ಭಾಗ. ಮೆಕ್ಕೆಜೋಳದ ಮರಿಹುಳಕ್ಕೆ 1500 ಪಿಪಿಎಂನದ್ದು ಲೀಟರಿಗೆ 5 ಮಿಲಿ ಅಂತ ಶಿಫಾರಸು ಇದೆ. 10000 ಪಿಪಿಎಂನದ್ದನ್ನೂ ಅದೇ ಮುಚ್ಚಳದ ಅಳತೆಯಲ್ಲಿ ಹಾಕಿದರೆ ದುಡ್ಡೂ ದಂಡ, ಎಲೆಯೂ ಸುಡಬಹುದು. ಲೇಬಲ್ ಓದಿ ಅಷ್ಟೇ ಹಾಕಿ. ತಯಾರಾದ ದಿನಾಂಕ, ಮುಗಿಯುವ ದಿನಾಂಕ, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. ಪಿಪಿಎಂ ಬರೆಯದೆ ಬರೀ "ನೂರಕ್ಕೆ ನೂರು ನೈಸರ್ಗಿಕ" ಅಂತಿರುವ ಬಾಟಲಿ ಬೇಡ. ಬಿಲ್ ಇಲ್ಲದೆ ತರಬೇಡಿ.

ಗಾಣದ ಬೇವಿನ ಎಣ್ಣೆ ಬೇರೆ. ಅದನ್ನು ನೀರಿಗೆ ಸುಮ್ನೆ ಸುರಿದರೆ ಮೇಲೆ ತೇಲುತ್ತದೆ, ಮೊದಲ ಕ್ಯಾನಿಗೆ ನೀರು, ಕೊನೆಯ ಕ್ಯಾನಿಗೆ ಎಣ್ಣೆ. ಮೊದಲು ಎಣ್ಣೆಯನ್ನು ಸೋಪಿನ ಜೊತೆ ಗಟ್ಟಿಯಾಗಿ ಕಲಸಿ, ಬಿಳಿಯಾದ ಮೇಲೆ ನೀರು ಸೇರಿಸುತ್ತಾ ಹೋಗಿ. ಹೊಡೆಯುವಾಗಲೂ ಕ್ಯಾನನ್ನು ಆಗಾಗ ಅಲ್ಲಾಡಿಸುತ್ತಿರಿ.

ಬೇರೆ ಗಿಡಗಳು

ಹೊಂಗೆ ನಮ್ಮಲ್ಲಿ ಬೇವಿನಷ್ಟೇ ಇದೆ. ಹೊಂಗೆ ಎಣ್ಣೆಯನ್ನು ಬೇವಿನ ಎಣ್ಣೆಯ ಜೊತೆ ಬೆರೆಸಿ ಬಳಸುವವರಿದ್ದಾರೆ. ಸೋಪಿನ ನಿಯಮ ಅದಕ್ಕೂ ಅದೇ.

ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಕಷಾಯ ಹುಳವನ್ನು ಕೆರಳಿಸುತ್ತದೆ, ಓಡಿಸುತ್ತದೆ. ಅರೆಯುವವರ ಕೈ, ಕಣ್ಣಿಗೂ ಅದೇ ಗತಿ. ಕೈಗವಸು ಹಾಕಿಕೊಳ್ಳಿ, ಗಾಳಿಗೆದುರಾಗಿ ಹೊಡೆಯಬೇಡಿ. ಸೀಮೆಎಣ್ಣೆ ಬೆರೆಸುವ ಹಳೆಯ ಪಾಠ ಬಿಟ್ಟುಬಿಡಿ, ಎಳೆ ಎಲೆ ಸುಡುತ್ತದೆ.

ಲಕ್ಕಿ ಸೊಪ್ಪು, ಸೀತಾಫಲದ ಸೊಪ್ಪು, ಎಕ್ಕ, ಲಂಟಾನ, ಇವನ್ನೆಲ್ಲ ಗೋಮೂತ್ರದಲ್ಲಿ ಕೊಳೆಸಿ ಹೊಡೆಯುವ ಪದ್ಧತಿಗಳಿವೆ. ಇವುಗಳ ಅಳತೆ ಒಬ್ಬೊಬ್ಬರದು ಒಂದೊಂದು ಥರ. ಹೇನಿನಂಥ ಮೆದು ಮೈಯ ಕೀಟಕ್ಕೆ ಪ್ರಯತ್ನಿಸಬಹುದು. ಸೈನಿಕ ಹುಳಕ್ಕೆ ಇವನ್ನೇ ನೆಚ್ಚಿಕೊಳ್ಳಬೇಡಿ. ಸೀತಾಫಲದ ಬೀಜ ಪುಡಿ ಮಾಡುವಾಗ ಬಹಳ ಜಾಗ್ರತೆ ಬೇಕು: ಕಣ್ಣಿಗೆ ಬಿದ್ದರೆ ಉರಿಯಲ್ಲಿ ಮುಗಿಯುವುದಿಲ್ಲ, ಕಣ್ಣಿಗೇ ಪೆಟ್ಟಾಗುತ್ತದೆ. ಕನ್ನಡಕ ಇಲ್ಲದೆ ಮುಟ್ಟಬೇಡಿ.

ತಂಬಾಕಿನ ಕಷಾಯ ಬೇಡವೇ ಬೇಡ. ಅಗ್ನಿ ಅಸ್ತ್ರದಂಥ ಪಾಕಗಳಲ್ಲಿ ತಂಬಾಕು ಸೇರಿಸುತ್ತಾರೆ ಅಂತ ಗೊತ್ತು. ಅದರಲ್ಲಿರುವ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುವ ಕಡು ವಿಷ. ಟೊಮೆಟೊ, ಮೆಣಸಿನಕಾಯಿಗೆ ಹೊಡೆದರೆ ತಂಬಾಕಿನಲ್ಲಿರುವ ಮೊಸಾಯಿಕ್ ನಂಜುರೋಗವನ್ನು ನೀವೇ ಹೊಲಕ್ಕೆ ತಂದು ಹಾಕುವ ಅಪಾಯವೂ ಇದೆ. ಉಮ್ಮತ್ತಿಯೂ ಅಷ್ಟೇ, ಮನುಷ್ಯರಿಗೂ ದನಕ್ಕೂ ವಿಷ. ಗಿಡದಿಂದ ಬಂದದ್ದೆಲ್ಲ ಸೌಮ್ಯ ಅನ್ನುವ ನಂಬಿಕೆ ಯಾಕೆ ಬಂತೋ ನನಗೆ ತಿಳಿಯದು.

ಯಾವ ಹುಳ ಅಂತ ಗೊತ್ತಾಗದಿದ್ದರೆ

ಊಹೆಯ ಮೇಲೆ ಹೊಡೆಯಬೇಡಿ. ಹುಳ ಸಹಿತ ಎಲೆಯನ್ನು ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಅದೇ ದಿನ ತೋರಿಸಿ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ. ದೂರ ಆದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ. ಫೋಟೊ ಮಾತ್ರ ಕಳಿಸುವುದಾದರೆ ಮೂರು ತೆಗೆಯಿರಿ: ಇಡೀ ಗಿಡ, ಎಲೆಯ ಕೆಳಭಾಗ, ಮತ್ತು ಹುಳವನ್ನು ಒಂದು ರೂಪಾಯಿ ನಾಣ್ಯದ ಪಕ್ಕ ಇಟ್ಟು ಹತ್ತಿರದಿಂದ. ಬಿತ್ತಿ ಎಷ್ಟು ದಿನ ಆಯಿತು, ಕೊನೆಯದಾಗಿ ಏನು ಹೊಡೆದಿರಿ, ಯಾವತ್ತು ಹೊಡೆದಿರಿ ಅಂತ ಅದರ ಕೆಳಗೆ ಬರೆಯಿರಿ. ಅಲ್ಲಿ ಮೊದಲು ಕೇಳುವುದೇ ಅದನ್ನು.